ಕಹಿಯನ್ನು ಅಳೆದಿಟ್ಟ ಮನುಷ್ಯ

ಹಾನಗಲ್ಲ ತಾಲ್ಲೂಕಿನ ತಿಳವಳ್ಳಿಯ ನಮ್ಮ ಮನೆಯಲ್ಲಿ ಯುಗಾದಿಯ ಬೇವು ತಿನ್ನುವ ಪದಾರ್ಥವಾಗಿರಲಿಲ್ಲ, ಕುಡಿಯುವ ಪಾನಕವಾಗಿತ್ತು. ಬೇವಿನ ಹೂವು, ಬೆಲ್ಲ, ಮಾವಿನಕಾಯಿಯ ತುರಿ, ಪುಠಾಣಿ ಹಿಟ್ಟು, ಒಣದ್ರಾಕ್ಷಿಗಳನ್ನು ಅಜ್ಜಿ ಕೈಯಳತೆಯಲ್ಲೇ ಬೆರೆಸುತ್ತಿದ್ದಳು. ಊಟಕ್ಕೆ ಮುನ್ನ ಅದನ್ನು ಕುಡಿದರೆ ಹಸಿವು ಕೆರಳುತ್ತದೆಂಬುದು ಅವಳ ನಂಬಿಕೆ. ಅವಳ ಇನ್ನೊಂದು ಕಷಾಯದಲ್ಲಿ ಕಿರಾತಕಡ್ಡಿ ಇರುತ್ತಿತ್ತು ಎಂಬುದಷ್ಟೇ ನನಗೆ ನೆನಪು. ಉಳಿದದ್ದನ್ನು ನಾನು ಎಂದೂ ಕೇಳಲಿಲ್ಲ.

ಈ ಕೊರಗು ಮರುಕಳಿಸಿದ್ದು ನಿವೃತ್ತಿಯ ನಂತರ, ಇಟಲಿಯಲ್ಲಿ ಉದ್ಯೋಗದಲ್ಲಿರುವ ಮಗಳ ಮನೆಯಲ್ಲಿ. ಸಂಜೆ ಅವಳು ಗಾಜಿನ ಲೋಟಕ್ಕೆ ಮಂಜುಗಡ್ಡೆ ತುಂಬಿ, ಒಂದು ಅಳತೆ ಕೆಂಪು ಕಂಪಾರಿಗೆ ಮೂರು ಅಳತೆ ತಣ್ಣನೆಯ ಸೋಡಾ ಸುರಿದು, ಕಿತ್ತಳೆಯ ಬಿಲ್ಲೆಯೊಂದನ್ನು ಇಳಿಬಿಟ್ಟಳು. ಮೊದಲ ಗುಟುಕಿಗೇ ತಿಳವಳ್ಳಿಯ ಯುಗಾದಿ ನೆನಪಾಯಿತು. ಆ ಕಹಿಯ ಹಿಂದಿನ ಮನುಷ್ಯ ಯಾರೆಂದು ಅರಿಯುವ ಕುತೂಹಲ ಹುಟ್ಟಿದ್ದು ಆಗ.

ಗಾಸ್ಪರೆ ಕಂಪಾರಿ 1828ರಲ್ಲಿ ಉತ್ತರ ಇಟಲಿಯ ಕಸೊಲ್‌ನೊವೊ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಜನಿಸಿದ. ಹತ್ತು ಮಕ್ಕಳಲ್ಲಿ ಕಿರಿಯವನಿಗೆ ಪಾಲಾಗಿ ಬರುವ ಭೂಮಿ ಎಷ್ಟೆಂಬುದು ನಮ್ಮ ರೈತ ಕುಟುಂಬಗಳಿಗೆ ಹೇಳಿಕೊಡಬೇಕಾಗಿಲ್ಲ. ಹದಿನಾಲ್ಕನೆಯ ವಯಸ್ಸಿಗೇ ಆತ ಟುರಿನ್ ನಗರ ಸೇರಿ, ಬಾಸ್ ಎಂಬ ಕೆಫೆಯಲ್ಲಿ ಪಾನೀಯ ತಯಾರಕರ ಶಿಷ್ಯನಾದ. ಬೇರು, ತೊಗಟೆ, ಹಣ್ಣಿನ ಸಿಪ್ಪೆಗಳನ್ನು ಮದ್ಯಸಾರದಲ್ಲಿ ನೆನೆಸಿ ಸತ್ವ ಇಳಿಸುವ ವಿದ್ಯೆ ಅಲ್ಲಿ ಕೈವಶವಾಯಿತು. ಬಳಿಕ ನೊವಾರಾದಲ್ಲಿ ಸ್ವಂತ ವ್ಯಾಪಾರ ಆರಂಭಿಸಿದ ಆತ, 1860ರಲ್ಲಿ ಅಲ್ಲಿಯೇ ತನ್ನ ಕೆಂಪು ಕಹಿಪಾನೀಯದ ಸೂತ್ರವನ್ನು ಖಚಿತಗೊಳಿಸಿದ.

ಬದುಕು ಆತನಿಗೂ ಕಹಿಯನ್ನು ಉಣಿಸದೆ ಬಿಡಲಿಲ್ಲ. ಮೊದಲ ಪತ್ನಿ ತೀರಿಕೊಂಡಳು. ಲೆಟಿಜಿಯಾ ಗಾಲಿಯನ್ನು ವರಿಸಿ ಮಿಲಾನಿಗೆ ಬಂದು ಕಟ್ಟಿಕೊಂಡ ಅಂಗಡಿಯ ಜಾಗ, ಭವ್ಯವಾದ ಗ್ಯಾಲರಿಯ ನಿರ್ಮಾಣಕ್ಕಾಗಿ ನೆಲಸಮವಾಯಿತು. ಆದರೆ 1867ರಲ್ಲಿ ಉದ್ಘಾಟನೆಗೊಂಡ ಅದೇ ವಿಟೋರಿಯೊ ಇಮ್ಯಾನುಯೆಲೆ ಗ್ಯಾಲರಿಯಲ್ಲಿ ಆತನ ಕೆಫೆ ಮತ್ತೆ ತಲೆಯೆತ್ತಿತು. ಮಗ ದಾವಿದೆ ಹುಟ್ಟಿದ್ದೂ ಆ ವರ್ಷವೇ. ಭೂಸ್ವಾಧೀನದ ಕಡತಗಳಲ್ಲಿ ದಶಕಗಳನ್ನು ಕಳೆದ ನನಗೆ ಈ ಪ್ರಸಂಗ ವಿಶೇಷವಾಗಿ ತಟ್ಟಿತು. ಕಳೆದುಕೊಂಡ ಜಾಗದಲ್ಲಿಯೇ ಮತ್ತೆ ನೆಲೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ?

1882ರಲ್ಲಿ ಗಾಸ್ಪರೆ ನಿಧನನಾದಾಗ ದಾವಿದೆ ಇನ್ನೂ ಹದಿಹರೆಯದವನು. ಆದರೂ ಉದ್ಯಮ ನಿಲ್ಲಲಿಲ್ಲ. 1904ರಲ್ಲಿ ಸೆಸ್ಟೊ ಸಾನ್ ಜೊವಾನಿಯಲ್ಲಿ ಕಾರ್ಖಾನೆ ಆರಂಭವಾಯಿತು. 1932ರಲ್ಲಿ ಕಲಾವಿದ ಡೆಪೆರೊ ರೂಪಿಸಿದ ಪುಟ್ಟ ಬಾಟಲಿಯಲ್ಲಿ ಸೋಡಾ ಬೆರೆಸಿದ ಕಂಪಾರಿಯೇ ಮಾರುಕಟ್ಟೆಗೆ ಬಂದಿತು. ಕೀಟದಿಂದ ತೆಗೆಯುತ್ತಿದ್ದ ಕೆಂಪು ಬಣ್ಣವನ್ನು ಕಂಪನಿ ಈ ಶತಮಾನದ ಮೊದಲ ದಶಕದಲ್ಲಿ ಹಲವು ದೇಶಗಳಲ್ಲಿ ಕೈಬಿಟ್ಟಿತು. ಮೂಲಸೂತ್ರ ಮಾತ್ರ ಇಂದಿಗೂ ಗೋಪ್ಯವಾಗಿಯೇ ಇದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲೊಂದು ಪ್ರಶ್ನೆ ಕಾಡುತ್ತದೆ. ಗಾಸ್ಪರೆಯ ಜ್ಞಾನವೂ ಗುಟ್ಟು, ಅಜ್ಜಿಯ ಜ್ಞಾನವೂ ಗುಟ್ಟು. ಒಂದು ಬಂಡವಾಳವಾಯಿತು, ಇನ್ನೊಂದು ಚಿತೆಯೊಡನೆ ಹೋಯಿತು. ಕಚ್ಚಾ ಪದಾರ್ಥದಲ್ಲಿ ನಾವೇನೂ ಬಡವರಲ್ಲ. ಯುರೋಪಿನ ಕಹಿಪಾನೀಯಗಳಲ್ಲಿ ವಾಡಿಕೆಯಾಗಿ ಬಳಕೆಯಾಗುವ ಜೆನ್ಶಿಯನ್ ಬೇರೂ ನಮ್ಮ ಕಿರಾತಕಡ್ಡಿಯೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಕಹಿರಸ ಹಸಿವನ್ನು ಉದ್ದೀಪಿಸುತ್ತದೆ ಎಂಬ ತಿಳಿವಳಿಕೆಯೂ ಆಯುರ್ವೇದಕ್ಕೆ ಹೊಸತಲ್ಲ. ವ್ಯತ್ಯಾಸವಿದ್ದದ್ದು ಅಳತೆಯಲ್ಲಿ ಮತ್ತು ಹಸ್ತಾಂತರದಲ್ಲಿ. ಗಾಸ್ಪರೆ ತನ್ನ ಕಹಿಯನ್ನು ಅಳೆದಿಟ್ಟ. ಮುಂದಿನ ತಲೆಮಾರು ಅದನ್ನು ಕೇಳಿ ಪಡೆಯಿತು. ನಮ್ಮ ಮನೆಯಲ್ಲಿ ಕೇಳಬೇಕಾಗಿದ್ದವನು ನಾನು. ಪರೀಕ್ಷೆ, ನೇಮಕಾತಿ, ಬಡ್ತಿಗಳ ಗಡಿಬಿಡಿಯಲ್ಲಿ ಅಡುಗೆಮನೆಯ ವಿದ್ಯೆ ವಿದ್ಯೆಯೆಂದೇ ನನಗೆ ತೋರಲಿಲ್ಲ.

ಈಗ ಮನೆಯಲ್ಲಿ ನನ್ನದೊಂದು ಮದ್ಯರಹಿತ ಪ್ರಯೋಗ ನಡೆಯುತ್ತಿದೆ. ಕಿತ್ತಳೆಯ ಸಿಪ್ಪೆಯನ್ನು ಒಳಗಿನ ಬಿಳಿ ಪದರಸಹಿತ ಬೆಲ್ಲದ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಆರಿಸಿ, ಸೋಸಿಡುತ್ತೇನೆ. ಕುಡಿಯುವ ಹೊತ್ತಿಗೆ ಒಂದು ಪಾಲು ಪಾಕಕ್ಕೆ ಮೂರು ಪಾಲು ಸೋಡಾ. ಸೋಡಾವನ್ನು ಕೊನೆಯಲ್ಲಿ, ನಿಧಾನವಾಗಿ ಸುರಿಯಬೇಕು. ಕಲಕಿದರೆ ನೊರೆ ಹಾರಿಹೋಗುತ್ತದೆ. ಅಜ್ಜಿಯ ಕಷಾಯ ಇದರಿಂದ ಮರಳಿ ಬರುವುದಿಲ್ಲವೆಂದು ಬಲ್ಲೆ. ಆದರೆ ಕಳೆದ ಯುಗಾದಿಗೆ ತಿಳವಳ್ಳಿಗೆ ಹೋದಾಗ, ನಮ್ಮ ಮನೆಯ ಹಿರಿಯ ಸೋದರತ್ತೆಯ ಪಕ್ಕ ತಕ್ಕಡಿ ಹಿಡಿದು ಕುಳಿತೆ. ಅವರು ನಗುತ್ತಲೇ ಹಿಡಿಹಿಡಿಯಾಗಿ ಪಾನಕಕ್ಕೆ ಹಾಕಲಿದ್ದುದನ್ನೆಲ್ಲ ಮೊದಲು ತೂಗಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದರ ಒಂದು ಪ್ರತಿ ಈಗ ಮಗಳ ಬಳಿಯೂ ಇದೆ.