ಪಿಂಗ್ ಬರೆದ ಮೈಕ್ ಮೂಸ್

ಲ್ಯಾಬ್‌ನಲ್ಲಿ ರೌಟರ್‌ಗೆ ಐಪಿ ಅಡ್ರೆಸ್ ಕೊಟ್ಟ ತಕ್ಷಣ ನಾವೆಲ್ಲ ಟೈಪ್ ಮಾಡೋದು ಒಂದೇ ಪದ: ಪಿಂಗ್. ರಿಪ್ಲೈ ಬಂದ್ರೆ ಅರ್ಧ ಗೆದ್ದ ಹಾಗೆ. ಅದನ್ನ ಬರೆದವರು ಯಾರು ಅಂತ ನಮ್ಮ ಬ್ಯಾಚ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹುಡುಕಿ ಓದಿದೆವು.

ಅವರು ಮೈಕ್ ಮೂಸ್. ಹುಟ್ಟಿದ್ದು 1958ರಲ್ಲಿ, ಓದಿದ್ದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ. ಕಾಲೇಜಿನಲ್ಲಿದ್ದಾಗಲೇ ಸೋನಾರ್, ರೇಡಾರ್‌ಗಳ ಮಾಡೆಲಿಂಗ್ ಮಾಡಿದ್ದರು. ಆಮೇಲೆ ಮೇರಿಲ್ಯಾಂಡ್‌ನಲ್ಲಿದ್ದ ಅಮೆರಿಕ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿ ಸೇರಿದರು.

ಐಸಿಎಂಪಿ ಎಕೋ ಪ್ಯಾಕೆಟ್ ಕಳಿಸಿ, ಅದು ವಾಪಸ್ ಬರೋಕೆ ಹಿಡಿಯುವ ಸಮಯ ಅಳೆಯಬಹುದು ಅನ್ನೋ ಐಡಿಯಾ ಅವರಿಗೆ ಸಿಕ್ಕಿದ್ದು ವಿಜ್ಞಾನಿ ಡೇವ್ ಮಿಲ್ಸ್ ಅವರಿಂದ. 1983ರ ಡಿಸೆಂಬರ್‌ನಲ್ಲಿ ಲ್ಯಾಬ್‌ನ ನೆಟ್‌ವರ್ಕ್ ಕೈಕೊಟ್ಟಾಗ ಅದು ನೆನಪಾಯಿತು. ಕರ್ನಲ್‌ನಲ್ಲಿ ಅದಕ್ಕೆ ಬೇಕಾದ ಸಪೋರ್ಟೇ ಇರಲಿಲ್ಲ, ಅದನ್ನೂ ತಾವೇ ಬರೆದರು. ಎಲ್ಲ ಸೇರಿ ಹೆಚ್ಚುಕಡಿಮೆ ಒಂದು ರಾತ್ರಿಯ ಕೆಲಸ. ತಮಾಷೆ ಏನಂದ್ರೆ, ಕೋಡ್ ರೆಡಿ ಆಗೋಷ್ಟರಲ್ಲಿ ಕೆಟ್ಟಿದ್ದ ಹಾರ್ಡ್‌ವೇರ್ ಪತ್ತೆಯಾಗಿ ರಿಪೇರಿನೂ ಆಗಿಹೋಗಿತ್ತು!

ಸೋನಾರ್ ಮಾಡುವ ಸದ್ದನ್ನೇ ಅದಕ್ಕೆ ಹೆಸರಾಗಿ ಇಟ್ಟರು. ಕೋಡನ್ನು ಬಚ್ಚಿಡದೆ ಬರ್ಕ್ಲಿಯವರಿಗೆ ಕೊಟ್ಟರು. ಬರ್ಕ್ಲಿ ಯೂನಿಕ್ಸ್ ಜೊತೆ ಪಿಂಗ್ ಎಲ್ಲೆಡೆ ಹರಡಿತು. ರೌಟರ್ ಮಾನಿಟರಿಂಗ್‌ಗೆ ನಾವು ಈಗ ಸೆಟ್ ಮಾಡುವ ಎಸ್‌ಎನ್‌ಎಂಪಿ ಬಂದಿದ್ದು 1988ರಲ್ಲಿ, ಪಿಂಗ್ ಬಂದು ಐದು ವರ್ಷ ಆದ್ಮೇಲೆ.

ಇವತ್ತಿಗೂ ಮಾನಿಟರಿಂಗ್ ಸೆಟ್ಟಿಂಗ್ಸ್‌ನಲ್ಲಿ ನಾವು ತುಂಬೋದು ಅದೇ ಹಳೇ ಪ್ರಶ್ನೆಗಳ ಉತ್ತರ. ಎಷ್ಟು ಸೆಕೆಂಡಿಗೊಮ್ಮೆ ಕೇಳಬೇಕು? ಎಷ್ಟು ಹೊತ್ತು ಕಾಯಬೇಕು? ಎಷ್ಟು ಸಲ ಉತ್ತರ ಬರದಿದ್ರೆ ಅಲರ್ಟ್ ಕೊಡಬೇಕು? ಒಂದೇ ಪ್ಯಾಕೆಟ್ ಕಳೆದುಹೋದ್ರೆ ಅಲರ್ಟ್ ಅಂತ ಇಟ್ಟರೆ ರಾತ್ರಿಯಿಡೀ ಸುಳ್ಳು ಅಲರ್ಟ್‌ಗಳೇ. ಫೈರ್‌ವಾಲ್ ಐಸಿಎಂಪಿಯನ್ನು ತಡೆದಿದ್ರೆ, ಚೆನ್ನಾಗಿ ಓಡುತ್ತಿರುವ ರೌಟರ್ ಕೂಡ ಸತ್ತ ಹಾಗೆ ಕಾಣುತ್ತೆ. ಹಾಗೇ ರಿಪ್ಲೈ ಬಂತು ಅಂದಮಾತ್ರಕ್ಕೆ ಎಲ್ಲ ಸರಿಯಿದೆ ಅಂತಲೂ ಅಲ್ಲ. ಪಿಂಗ್ ಹೇಳೋದು ಇಷ್ಟೇ: ಆ ಕಡೆ ಯಾರೋ ಇದ್ದಾರೆ, ಉತ್ತರ ಬರೋಕೆ ಇಷ್ಟು ಮಿಲಿಸೆಕೆಂಡ್ ಆಯ್ತು.

ಮೂಸ್ ಆಮೇಲೂ ಸುಮ್ಮನೆ ಕೂರಲಿಲ್ಲ. ನೆಟ್‌ವರ್ಕ್ ವೇಗ ಅಳೆಯುವ ಟಿಟಿಸಿಪಿ, ಘನಾಕೃತಿಗಳನ್ನು ವಿನ್ಯಾಸ ಮಾಡುವ ಬಿಆರ್‌ಎಲ್-ಕ್ಯಾಡ್ ಎರಡರ ಹಿಂದೆಯೂ ಅವರಿದ್ದಾರೆ. ಆದ್ರೆ ಹೆಸರು ತಂದಿದ್ದು ಮಾತ್ರ ಆ ಒಂದು ರಾತ್ರಿಯ ಕೋಡ್. ಇಷ್ಟು ಫೇಮಸ್ ಆಗುತ್ತೆ ಅಂತ ಗೊತ್ತಿದ್ರೆ ಇನ್ನೊಂದೆರಡು ದಿನ ಕೂತು ಇನ್ನಷ್ಟು ಆಪ್ಷನ್ ಸೇರಿಸ್ತಿದ್ದೆ ಅನ್ನೋ ಅರ್ಥದಲ್ಲಿ ಅವರೇ ಬರೆದುಕೊಂಡಿದ್ದಾರೆ.

2000ದ ನವೆಂಬರ್ 20ರಂದು ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಆಗ ಬರೀ 42 ವರ್ಷ.

ಮಿನಿ ಪ್ರಾಜೆಕ್ಟ್‌ಗೆ ದೊಡ್ಡ ಟಾಪಿಕ್ಕೇ ಬೇಕು ಅಂತ ನಾವು ತಿಂಗಳುಗಟ್ಟಲೆ ಅಲೀತೀವಿ. ಅವರು ಕಣ್ಣೆದುರು ಕೆಟ್ಟಿದ್ದನ್ನ ಸರಿಮಾಡೋಕೆ ಕೂತರು, ಅಷ್ಟೇ. ಮುಂದಿನ ಸಲ ಸ್ಕ್ರೀನ್ ಮೇಲೆ ರಿಪ್ಲೈ ಬಂದಾಗ ಒಂದು ಸಲ ಅವರನ್ನ ನೆನೆಸಿಕೊಳ್ಳೋಣ.