ಶ್ರೀಮತಿ ಮಾರ್ಗರೆಟ್ ಟಕ್ಕರ್ ಅವರ ಜೀವಿತ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ, ತಮ್ಮ ಹೆಣ್ಣುಮಕ್ಕಳನ್ನು ನಮ್ಮ ವಶಕ್ಕೆ ಒಪ್ಪಿಸಿರುವ ತಾಯಿತಂದೆಗಳಿಗೂ ಈ ಸ್ಮರಣ ಸಂಚಿಕೆಯ ಮೂಲಕ ಒಬ್ಬ ಮಹಿಳೆಯ ಜೀವಿತವನ್ನು ಪರಿಚಯ ಮಾಡಿಕೊಡಬೇಕೆಂಬುದು ನಮ್ಮ ಅಪೇಕ್ಷೆ. ಈಕೆ ನಮ್ಮ ನಾಡಿನವರಲ್ಲ; ದೂರದ ಆಸ್ಟ್ರೇಲಿಯ ಖಂಡದ ಮೂಲನಿವಾಸಿಗಳಲ್ಲಿ ಹುಟ್ಟಿದವರು. ಆದರೂ ಮಿಷನ್ ಶಾಲೆಯೊಂದನ್ನೂ ಅದರ ಬೋರ್ಡಿಂಗನ್ನೂ ನಡೆಸುತ್ತಿರುವ ನಮಗೆ ಈ ಚರಿತ್ರೆಯಲ್ಲಿ ಕಲಿಯತಕ್ಕ ಪಾಠವು ಬಹಳವಿದೆ. ತಲೆ ತಗ್ಗಿಸಿ ಓದತಕ್ಕ ಭಾಗವೂ ಇದೆ.

ಮಾರ್ಗರೆಟ್ಟಳು 1904ನೆಯ ಇಸವಿಯಲ್ಲಿ ನ್ಯೂ ಸೌತ್ ವೇಲ್ಸ್ ಪ್ರಾಂತದ ವಾರಂಗೆಸ್ಡ ಎಂಬ ಮಿಷನ್ ನೆಲೆಯಲ್ಲಿ ಹುಟ್ಟಿದಳು. ಆ ಸೀಮೆಯ ಭಾಷೆಯಲ್ಲಿ ಬೀಡು ಎಂಬರ್ಥದ ಮಾತನ್ನೂ ಸತ್ಯವೇದದಲ್ಲಿ ಬರುವ ಬೆಥೆಸ್ಡ ಎಂಬ ಹೆಸರನ್ನೂ ಕೂಡಿಸಿ ಜಾನ್ ಗ್ರಿಬಲ್ ಎಂಬ ಪಾದ್ರಿಗಳು ಆ ಊರಿಗೆ ಹೆಸರಿಟ್ಟಿದ್ದರು. ತಂದೆ ವಿಲಿಯಂ ಕ್ಲೆಮೆಂಟ್ಸ್ ವಿರಾಜುರಿ ಜನಾಂಗದವನು. ತಾಯಿ ಥೆರೆಸಾ ಯೋರ್ಟ ಯೋರ್ಟ ಜನಾಂಗದವಳು. ಮಗುವಿನ ಬಾಲ್ಯವು ಮರೇ ನದಿಯ ದಡದ ಕಮ್ಮರಗಂಜದಲ್ಲಿಯೂ, ಡೆನಿಲಿಕ್ವಿನ್ ಪಟ್ಟಣಕ್ಕೆ ಸಮೀಪದ ಮೂನಕಲ್ಲದಲ್ಲಿಯೂ ಕಳೆಯಿತು. ಅಜ್ಜಿ, ಚಿಕ್ಕಮ್ಮ, ಮಾವ ಎಂದು ಕರೆಯುವುದಕ್ಕೆ ಊರು ತುಂಬ ಬಂಧುಗಳಿದ್ದರು. ಬಡತನವಿದ್ದರೂ ಅನಾಥತೆ ಎಂಬುದನ್ನು ಆ ಮಕ್ಕಳು ಅರಿತಿರಲಿಲ್ಲ.

ಕಮ್ಮರಗಂಜದ ಶಾಲೆಯ ಉಪಾಧ್ಯಾಯರ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ಥಾಮಸ್ ಷಡ್ರಕ್ ಜೇಮ್ಸ್ ಎಂಬ ಇವರು ಮಾರಿಷಸ್ ದ್ವೀಪದಲ್ಲಿ ತಮಿಳು ಮೂಲದ ಮನೆತನದಲ್ಲಿ ಹುಟ್ಟಿದವರು. ಮೂಲನಿವಾಸಿ ಕನ್ಯೆಯನ್ನು ವಿವಾಹವಾಗಿ, ಆ ಜನರನ್ನೇ ತಮ್ಮ ಜನರೆಂದು ತಿಳಿದು ಸುಮಾರು 40 ವರುಷ ಪಾಠ ಹೇಳಿದರು. ಮೂಲನಿವಾಸಿಗಳ ಹಕ್ಕಿಗಾಗಿ ಮುಂದೆ ಹೋರಾಡಿದ ಎಷ್ಟೋ ಮಂದಿ ಇವರ ಶಿಷ್ಯರು. ನಮ್ಮ ದೇಶದ ಮೂಲದ ಒಬ್ಬ ಶಿಕ್ಷಕರು ಅಷ್ಟು ದೂರದಲ್ಲಿ ಅಂಥ ದೀಪವನ್ನು ಹಚ್ಚಿದರೆಂಬುದು ನಮ್ಮಂಥ ಉಪಾಧ್ಯಾಯಿನಿಯರಿಗೆ ಸಂತೋಷದ ಸಂಗತಿ.

1909ರಲ್ಲಿ ಆ ಪ್ರಾಂತದ ಸರಕಾರವು ಮೂಲನಿವಾಸಿಗಳ ರಕ್ಷಣೆ ಎಂಬ ಹೆಸರಿನಲ್ಲಿ ಒಂದು ಕಾಯಿದೆಯನ್ನು ಮಾಡಿತು. 1915ರಲ್ಲಿ ಅದನ್ನು ತಿದ್ದಿದ ಮೇಲೆ, ಮಗುವನ್ನು ತಾಯಿಯಿಂದ ಅಗಲಿಸುವುದಕ್ಕೆ ನ್ಯಾಯಸ್ಥಾನದ ಅಪ್ಪಣೆಯೂ ಬೇಕಿಲ್ಲವೆಂದಾಯಿತು. ಮಗುವಿನ ಹಿತಕ್ಕಾಗಿ ಎಂದು ರಕ್ಷಣಾ ಮಂಡಳಿಗೆ ತೋರಿದರೆ ಸಾಕು. 1917ರ ಒಂದು ದಿನ ಮೂನಕಲ್ಲದ ಶಾಲೆಯ ಮುಂದೆ ಪೊಲೀಸರ ಮೋಟಾರು ಬಂದು ನಿಂತಿತು. ಮಾರ್ಗರೆಟ್ಟಳಿಗೆ ಆಗ 13 ವರುಷ. ಅವಳನ್ನೂ ತಂಗಿ ಮೇ ಎಂಬವಳನ್ನೂ ಕರೆದೊಯ್ಯುವುದಕ್ಕೆ ಬಂದಿದ್ದರು. ತಾಯಿಯು ದೂರದಲ್ಲಿ ಕೆಲಸಕ್ಕೆ ಹೋಗಿದ್ದಳು. ಉಪಾಧ್ಯಾಯರ ಹೆಂಡತಿಯು ಮಕ್ಕಳಿಗೆ ಊಟ ಹಾಕಿಸುವ ನೆವದಿಂದ ಹೊತ್ತು ಕಳೆದು, ತಾಯಿಗೆ ಸುದ್ದಿ ಮುಟ್ಟುವಂತೆ ಮಾಡಿದಳು. ತಾಯಿಯು ಓಡಿ ಬಂದು ಮಕ್ಕಳನ್ನು ತಬ್ಬಿಕೊಂಡು ಅಂಗಲಾಚಿದಳು. ಪೊಲೀಸಿನವನು ಬೇಡಿಯನ್ನು ಮುಟ್ಟಿ ತೋರಿಸಿ ಹೆದರಿಸಿದನು. ಡೆನಿಲಿಕ್ವಿನ್ ಪಟ್ಟಣದ ತನಕ ತಾಯಿಯನ್ನೂ ಮೋಟಾರಿನಲ್ಲಿ ಕೂರಿಸಿಕೊಂಡು ಹೋಗಿ, ಅಲ್ಲಿ ಅವಳನ್ನು ಇಳಿಸಿ, ಮಕ್ಕಳನ್ನು ಮಾತ್ರ ಒಯ್ದರು.

ಆ ತಾಯಿಯ ಗತಿ ಏನಾಯಿತೆಂಬುದು ಮಕ್ಕಳಿಗೆ ಬಹುಕಾಲದ ಮೇಲೆ ತಿಳಿಯಿತು. ಊರಿನ ಹಿರಿಯರು ದಾರಿಯಲ್ಲಿ ಬರುತ್ತಿರುವಾಗ ಗಾಯಗೊಂಡ ಪ್ರಾಣಿಯ ನರಳಾಟದಂಥ ಶಬ್ದವನ್ನು ಕೇಳಿ ಹತ್ತಿರ ಹೋಗಿ ನೋಡಿದರಂತೆ. ಮರದ ಕೆಳಗೆ ಬಿದ್ದು ನರಳುತ್ತಿದ್ದವಳು ಥೆರೆಸಾ. ಈ ಭಾಗವನ್ನು ಓದುವ ಯಾವ ತಾಯಿಯ ಹೊಟ್ಟೆಯೂ ಉರಿಯದೆ ಇರಲಾರದು.

ಮಕ್ಕಳನ್ನು ಕೂಟಮಂಡ್ರ ಎಂಬ ಊರಿನಲ್ಲಿ ಮಂಡಳಿಯವರು ನಡೆಸುತ್ತಿದ್ದ ಹೆಣ್ಣುಮಕ್ಕಳ ಗೃಹಕ್ಕೆ ಸೇರಿಸಿದರು. ಬಿಳಿಯರ ಮನೆಗಳಲ್ಲಿ ಚಾಕರಿ ಮಾಡುವುದಕ್ಕೆ ಬೇಕಾದಷ್ಟನ್ನು ಅಲ್ಲಿ ಕಲಿಸುತ್ತಿದ್ದರು: ನೆಲ ಒರಸುವುದು, ಬಟ್ಟೆ ಒಗೆಯುವುದು, ಅಡಿಗೆ ಮಾಡುವುದು. ತಮ್ಮ ಜನರನ್ನು ಮರೆಯುವುದೇ ಒಳ್ಳೆಯ ನಡತೆ ಎಂಬುದೂ ಆ ಪಾಠದಲ್ಲಿಯೇ ಸೇರಿತ್ತು. ಅಲ್ಲಿಂದ ಮಾರ್ಗರೆಟ್ಟಳನ್ನು ಸಿಡ್ನಿ ನಗರದ ಒಂದು ಮನೆಗೆ ಕಳುಹಿಸಿದರು. ಆ ಮನೆಯ ಯಜಮಾನಿಯು ಅವಳನ್ನು ಹೊಡೆದಳು, ಅರೆಹೊಟ್ಟೆಯಲ್ಲಿಟ್ಟಳು. ಹೇಳಿಕೊಳ್ಳುವುದಕ್ಕೆ ತಾಯಿಯಿಲ್ಲ, ಅಡಗುವುದಕ್ಕೆ ನೆಂಟರ ಮನೆಯಿಲ್ಲ. ಬಾಳೇ ಬೇಡವೆಂದು ಒಮ್ಮೆ ಪ್ರಾಣವನ್ನು ಕಳೆದುಕೊಳ್ಳುವುದಕ್ಕೂ ಯತ್ನಿಸಿದಳು. ಕಡೆಗೆ ಸಂಗತಿಯು ಮಂಡಳಿಗೆ ತಿಳಿದು ಅವಳನ್ನು ಬೇರೆ ಮನೆಗೆ ಬದಲಾಯಿಸಿದರೇ ಹೊರತು ತಾಯಿಯ ಬಳಿಗೆ ಕಳುಹಿಸಲಿಲ್ಲ. ಬಿಡುಗಡೆಯಾದದ್ದು 1925ರಲ್ಲಿ. ರಕ್ಷಣೆ ಎಂಬ ಹೆಸರಿನಲ್ಲಿ ಕಿತ್ತುಕೊಂಡ ಮಗುವಿಗೆ ರಕ್ಷಣೆಯೇ ಇಲ್ಲದೆ ಹೋದದ್ದನ್ನು ಓದುಗರು ಗಮನಿಸಬೇಕು.

ಆ ಬಳಿಕ ಅವರು ಮೆಲ್ಬರ್ನ್ ನಗರಕ್ಕೆ ಬಂದು ನೆಲಸಿ, ಫಿಲಿಪ್ ಟಕ್ಕರ್ ಎಂಬವರನ್ನು ವಿವಾಹವಾದರು. 1927ರಲ್ಲಿ ಮಗಳು ಮಾಲಿ ಹುಟ್ಟಿದಳು. ಶ್ರೀಮತಿ ಟಕ್ಕರ್ ಅವರಿಗೆ ಇಂಪಾದ ಕಂಠವಿತ್ತು, ಹೆದರದೆ ಮಾತಾಡುವ ಧೈರ್ಯವಿತ್ತು. 1932ರ ಸುಮಾರಿಗೆ ವಿಲಿಯಂ ಕೂಪರ್ ಎಂಬ ವೃದ್ಧರ ಮುಂದಾಳುತನದಲ್ಲಿ ಮೂಲನಿವಾಸಿಗಳ ಸಂಘವು ಏರ್ಪಟ್ಟಾಗ ಅದರ ಸ್ಥಾಪಕರಲ್ಲಿ ಇವರೂ ಒಬ್ಬರಾದರು. 1938ರ ಜನವರಿ 26ರಂದು, ಬಿಳಿಯರು ನೆಲೆಯೂರಿ 150 ವರುಷವಾಯಿತೆಂದು ದೇಶವೆಲ್ಲ ಉತ್ಸವ ಮಾಡುತ್ತಿದ್ದಾಗ, ಮೂಲನಿವಾಸಿಗಳು ಸಿಡ್ನಿಯಲ್ಲಿ ಸಭೆ ಸೇರಿ ಆ ದಿನವನ್ನು ಶೋಕದಿನವಾಗಿ ಆಚರಿಸಿದರು. ಆ ಸಭೆಗೆ ಹೋದವರಲ್ಲಿ ಶ್ರೀಮತಿ ಟಕ್ಕರ್ ಅವರೂ ಇದ್ದರು. ಮರುವರುಷ, 1939ರ ಫೆಬ್ರವರಿಯಲ್ಲಿ, ಮೇಲ್ವಿಚಾರಕನ ದಬ್ಬಾಳಿಕೆಯನ್ನು ತಾಳಲಾರದೆ ಕಮ್ಮರಗಂಜದ ಸುಮಾರು 200 ಜನರು ಮರೇ ನದಿಯನ್ನು ದಾಟಿ ವಿಕ್ಟೋರಿಯ ಪ್ರಾಂತಕ್ಕೆ ನಡೆದು ಬಂದರು. ಮೆಲ್ಬರ್ನಿನಲ್ಲಿ ಅವರ ಪರವಾಗಿ ದುಡಿದವರ ಗುಂಪಿನಲ್ಲಿ ಇವರು ನಿಂತರು.

ಹೀಗೆ ವರುಷಗಳು ಕಳೆದು, 1964ರಲ್ಲಿ ವಿಕ್ಟೋರಿಯ ಸರಕಾರದವರು ಶ್ರೀಮತಿ ಟಕ್ಕರ್ ಅವರನ್ನು ಮೂಲನಿವಾಸಿಗಳ ಕ್ಷೇಮಾಭಿವೃದ್ಧಿ ಮಂಡಳಿಯ ಸದಸ್ಯೆಯನ್ನಾಗಿ ನೇಮಿಸಿದರು. ಒಂದು ಮಂಡಳಿಯ ಅಪ್ಪಣೆಯಿಂದ ತಾಯಿಯ ಮಡಿಲಿನಿಂದ ಕಿತ್ತುತರಲ್ಪಟ್ಟ ಬಾಲಕಿಯು ಇನ್ನೊಂದು ಮಂಡಳಿಯ ಪೀಠದಲ್ಲಿ ಕುಳಿತಳು. ಅಲ್ಲಿಯ ತನಕ ಆ ಪೀಠದಲ್ಲಿ ಆ ಜನಾಂಗದ ಒಬ್ಬ ಹೆಣ್ಣುಮಗಳಾದರೂ ಕುಳಿತಿರಲಿಲ್ಲ. 1968ರಲ್ಲಿ ರಾಣಿಯವರ ಸರಕಾರದ ಬಿರುದು ದೊರೆಯಿತು. 1977ರಲ್ಲಿ ಅವರ ಆತ್ಮಕಥೆಯು ಅಚ್ಚಾಯಿತು. ಮೂಲನಿವಾಸಿ ಸ್ತ್ರೀಯೊಬ್ಬರು ತಮ್ಮ ಬಾಳನ್ನು ತಾವೇ ಬರೆದು ಪ್ರಕಟಿಸಿದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಅದನ್ನು ದ್ವೇಷದಿಂದ ಬರೆದಿಲ್ಲ. ನಡೆದುದನ್ನು ಮರೆಮಾಚಿಯೂ ಇಲ್ಲ.

ಇಷ್ಟನ್ನು ಓದಿದವರು, ಹಳೆಯ ಕಾಲದ ಈ ಅನ್ಯಾಯಕ್ಕೂ ಇಂದಿನ ಸಂಸಾರಗಳಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವು ಬಹು ಆಳವಾದುದು. ಮನೆಯೊಳಗೆ ಗಂಡನ ಕೈಯಿಂದ ಪೆಟ್ಟು ತಿನ್ನುವ ಹೆಂಗಸರು ಎಲ್ಲ ಜನಾಂಗಗಳಲ್ಲಿಯೂ ಇದ್ದಾರೆ, ನಮ್ಮಲ್ಲಿಯೂ ಇಲ್ಲದಿಲ್ಲ. ಅಂಥ ಹೆಂಗಸು ಪೊಲೀಸಿನವರನ್ನು ಕರೆಯಬೇಕು, ಅಧಿಕಾರಿಗಳಿಗೆ ಹೇಳಬೇಕು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಅವಳ ಅಜ್ಜಿಯ ಕಾಲದಲ್ಲಿ ಮಕ್ಕಳನ್ನು ಒಯ್ದ ಮೋಟಾರು ಪೊಲೀಸರದಾಗಿದ್ದರೆ? ಹಿತವನ್ನು ಮಾಡುತ್ತೇವೆಂದು ಬಂದ ಅಧಿಕಾರಿಯೇ ತೊಟ್ಟಿಲನ್ನು ಬರಿದು ಮಾಡಿದ್ದರೆ? ಬಾಯಿಬಿಟ್ಟರೆ ಮಕ್ಕಳು ಕೈತಪ್ಪಿ ಹೋದಾವೆಂಬ ಭಯದಿಂದ ಅವಳು ಪೆಟ್ಟನ್ನು ನುಂಗಿಕೊಂಡು ಸುಮ್ಮನಿರುತ್ತಾಳೆ. ಹೊಡೆಯುವುದು ಆ ಜನರ ಸಂಪ್ರದಾಯವೆಂದು ಹೇಳುವವರು ತಪ್ಪು ಹೇಳುತ್ತಾರೆ. ನೆಲವನ್ನೂ ಮಕ್ಕಳನ್ನೂ ಕಳೆದುಕೊಂಡ ದುಃಖವು ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿರುವುದನ್ನು ಮರೆತು ಆ ಸಂಸಾರಗಳ ಮೇಲೆ ತೀರ್ಪು ಕೊಡಲಾಗದು. ಹಾಗೆಂದು ಹೊಡೆದವನ ತಪ್ಪು ತಪ್ಪಲ್ಲವೆಂದೂ ಆಗದು.

ಈ ಬೀಗಕ್ಕೆ ಕೀಲಿಕೈಯನ್ನು ಹುಡುಕಿದವರಲ್ಲಿ ಶ್ರೀಮತಿ ಟಕ್ಕರ್ ಅವರ ಮಗಳೇ ಒಬ್ಬರೆಂಬುದು ಈ ಚರಿತ್ರೆಯ ಸೊಗಸು. ಮಾಲಿ ಡಯರ್ ಅವರು ಹೆತ್ತ ಮಕ್ಕಳಲ್ಲದೆ ಪರರ ಮಕ್ಕಳನ್ನೂ ಬಹಳ ಮಂದಿಯನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಸಾಕಿದವರು. ಮೂಲನಿವಾಸಿಗಳ ಕಾನೂನು ಸಹಾಯ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಅಪರಾಧದ ಆಪಾದನೆ ಹೊತ್ತು ಬರುವವರಲ್ಲಿ ಬಹುಪಾಲು ಜನರು ಚಿಕ್ಕಂದಿನಲ್ಲಿ ಹೆತ್ತವರಿಂದ ಅಗಲಿಸಲ್ಪಟ್ಟವರೇ ಎಂಬುದು ಅವರ ಅರಿವಿಗೆ ಬಂತು. ಅಮೆರಿಕದ ಯಾಕಮ ಎಂಬ ಮೂಲಜನರು ತಮ್ಮ ಮಕ್ಕಳ ಪಾಲನೆಯನ್ನು ತಾವೇ ವಹಿಸಿಕೊಂಡಿದ್ದುದನ್ನು ಹೋಗಿ ನೋಡಿ ಬಂದರು. 1977ರಲ್ಲಿ ವಿಕ್ಟೋರಿಯ ಪ್ರಾಂತದ ಮೂಲನಿವಾಸಿ ಮಕ್ಕಳ ಪಾಲನಾ ಸಂಸ್ಥೆಯು ಅವರ ಮುಂದಾಳುತನದಲ್ಲಿ ಸ್ಥಾಪಿತವಾಯಿತು. ಮಗುವು ಮನೆ ಬಿಡಲೇಬೇಕಾಗಿ ಬಂದರೆ ಮೊದಲು ಸ್ವಂತ ಬಂಧುಗಳಲ್ಲಿ, ಅದಾಗದಿದ್ದರೆ ಅದೇ ಜನಾಂಗದ ಇನ್ನೊಂದು ಮನೆಯಲ್ಲಿ ಇಡಬೇಕು, ಎಲ್ಲಿಟ್ಟರೂ ಹೆತ್ತವರ ನಂಟು ಕಡಿಯಬಾರದು ಎಂಬುದು ಅವರು ಪಟ್ಟುಹಿಡಿದ ತತ್ತ್ವ. 1984ರ ದತ್ತಕ ಕಾಯಿದೆಯಲ್ಲಿ ವಿಕ್ಟೋರಿಯ ಪ್ರಾಂತವು ಈ ತತ್ತ್ವವನ್ನು ಒಪ್ಪಿಕೊಂಡಿತು. ಮಕ್ಕಳಿಗಾಗಿ ಹುಟ್ಟಿದ ಆ ಸಂಸ್ಥೆಯು ಇಂದು ಮನೆಯೊಳಗಿನ ಹಿಂಸೆಗೆ ಸಿಕ್ಕಿದ ಸಂಸಾರಗಳಿಗೂ ಆಸರೆಯಾಗಿದೆ.

ಅದೇ ಕಾಲದಲ್ಲಿ ಯೋರ್ಟ ಯೋರ್ಟ ಜನಾಂಗದವರೇ ಆದ ಎಲಿಜಬೆತ್ ಹಾಫ್‌ಮನ್ ಅವರು ಮತ್ತಿತರ ಸ್ತ್ರೀಯರೊಡನೆ ಮೆಲ್ಬರ್ನಿನಲ್ಲಿ ಮೂಲನಿವಾಸಿ ಹೆಂಗಸರಿಗಾಗಿ ಒಂದು ಆಶ್ರಯಗೃಹವನ್ನು ತೆರೆದರು. 2002ರಲ್ಲಿ ಅಂಥ ಹೆಂಗಸರಿಗೆ ಕಾನೂನಿನ ನೆರವು ಕೊಡುವ ಬೇರೊಂದು ಸಂಸ್ಥೆಯೂ ಆರಂಭವಾಯಿತು. ಅದಕ್ಕೆ ಈಗ ಜಿರ್ರ ಎಂದು ಹೆಸರು. ಇವುಗಳನ್ನು ನಡೆಸುವವರು ಆ ಜನಾಂಗದ ಸ್ತ್ರೀಯರೇ. ಬಂದವಳನ್ನು ಅವರು ಮೊದಲು ಕೂರಿಸಿ ಅವಳ ಮಾತನ್ನು ಕೇಳುತ್ತಾರೆ. ಅವಳು ಯಾರ ಪೈಕಿ, ಯಾವ ಸೀಮೆಯವಳೆಂದು ತಿಳಿದುಕೊಳ್ಳುತ್ತಾರೆ. ತಾಯಿಯನ್ನೂ ಮಕ್ಕಳನ್ನೂ ಒಟ್ಟಿಗೆ ಉಳಿಸುವುದಕ್ಕೆ ಪ್ರಯತ್ನಿಸುತ್ತಾರೆ. ನ್ಯಾಯಸ್ಥಾನಕ್ಕೆ ಹೋಗಬೇಕಾದರೆ ಜೊತೆಗೆ ಹೋಗುತ್ತಾರೆ. ಹೊಡೆತದಿಂದ ಪಾರಾಗುವುದಕ್ಕೆ ತನ್ನ ಜನರನ್ನೂ ಆಚಾರವನ್ನೂ ಬೆಲೆಯಾಗಿ ತೆರಬೇಕಾದ ಅಗತ್ಯವು ಅಲ್ಲಿ ಇಲ್ಲ. ತನ್ನವರೆಂಬ ನಂಬಿಕೆ ಹುಟ್ಟಿದ ಮೇಲೆಯೇ ಅವಳ ಬಾಯಿ ತೆರೆಯುತ್ತದೆ.

ಶ್ರೀಮತಿ ಟಕ್ಕರ್ ಅವರು 1996ರಲ್ಲಿ, ತಮ್ಮ 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರಂತೆ ಅಗಲಿಸಲ್ಪಟ್ಟ ಮಕ್ಕಳ ವಿಷಯವಾಗಿ ನಡೆದ ವಿಚಾರಣೆಯ ವರದಿಯು ಮರುವರುಷ, 1997ರಲ್ಲಿ ಹೊರಬಂತು. ಮಾಲಿ ಡಯರ್ ಅವರು 1998ರಲ್ಲಿ ಗತಿಸಿದರು. 2008ರ ಫೆಬ್ರವರಿ 13ರಂದು ಪ್ರಧಾನಮಂತ್ರಿ ಕೆವಿನ್ ರಡ್ ಅವರು ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ದೇಶದ ಪರವಾಗಿ ಆ ಜನರ ಕ್ಷಮೆಯನ್ನು ಬೇಡಿದರು. ಅದನ್ನು ಕೇಳುವುದಕ್ಕೆ ತಾಯಿಯೂ ಇರಲಿಲ್ಲ, ಮಗಳೂ ಇರಲಿಲ್ಲ.

ಈ ಜೀವಿತವನ್ನು ಓದಿದಂದಿನಿಂದ ನಮ್ಮ ಮನಸ್ಸನ್ನು ಕೊರೆಯುತ್ತಿರುವ ಒಂದು ಸಂಗತಿಯನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಕೆಲವು ವರುಷಗಳ ಹಿಂದೆ ಒಬ್ಬ ತಾಯಿಯು ವಾರದ ನಡುವೆ, ಭೇಟಿಯ ದಿನವಲ್ಲದ ದಿನ, ಮಗಳನ್ನು ನೋಡುವುದಕ್ಕೆ ಬೋರ್ಡಿಂಗಿಗೆ ಬಂದಳು. ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದಳು, ಕೆನ್ನೆ ಬಾತಿತ್ತು. ನಾವು ಅದನ್ನು ಕಂಡೂ ಮೊದಲು ನಿಯಮವನ್ನು ಹೇಳಿ, ಸಂಜೆಯ ಗಂಟೆಯಾಗುವ ತನಕ ಜಗಲಿಯಲ್ಲಿ ಕಾದಿರುವಂತೆ ತಿಳಿಸಿದೆವು. ಗಂಟೆಯಾದಾಗ ಜಗಲಿಯು ಬರಿದಾಗಿತ್ತು. ನಾವು ಯಾರ ಮಗುವನ್ನೂ ಕಿತ್ತು ತಂದವರಲ್ಲ, ದೇವರು ಕಾಪಾಡಲಿ. ಆದರೂ ಒಳ್ಳೆಯದನ್ನು ಮಾಡುತ್ತಿದ್ದೇವೆಂಬ ಭರವಸೆಯು ಎಷ್ಟು ಬೇಗ ಕಣ್ಣನ್ನು ಕಟ್ಟುತ್ತದೆಂಬುದನ್ನು ಅಂದು ನಾವು ಕಂಡೆವು.

ಆ ನಿಯಮವು ಈಗ ನಮ್ಮಲ್ಲಿ ಇಲ್ಲ. ಯಾವ ತಾಯಿಯು ಯಾವ ದಿನ ಬಂದರೂ ಒಳಕ್ಕೆ ಕರೆದು ಕೂರಿಸಿ ನೀರು ಕೊಟ್ಟ ಮೇಲೆಯೇ ಉಳಿದ ಮಾತು. ಮೊದಲು ಮಾತಾಡಿಸುವವರು ಆ ಊರುಗಳ ಕಡೆಯಿಂದಲೇ ಬಂದಿರುವ ನಮ್ಮ ಮೇಟ್ರನ್ ಅಮ್ಮನವರು, ನಾವು ಅನಂತರ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹಲವರು ಇಂದು ಉಪಾಧ್ಯಾಯಿನಿಯರು, ದಾದಿಯರು, ಅಧಿಕಾರಿಗಳು. ನಿಮ್ಮ ಬಾಗಿಲಿಗೆ ಸೆರಗು ಮುಚ್ಚಿಕೊಂಡು ಒಬ್ಬಳು ಬಂದಾಗ, ಜಗಲಿಯಲ್ಲಿ ಕಾದಿರುವಂತೆ ಹೇಳಬೇಡಿರಿ. ಅವಳು ಬಂದಿರುವ ದಾರಿಯು ನಮಗೆ ತೋರುವುದಕ್ಕಿಂತ ಬಹಳ ಉದ್ದವಾದುದು.