ಆಲ್‌ಫ್ರೆಡ್ ವಿಲ್ಮ್

ಶಿರಾ, ಕೊರಟಗೆರೆಗಳ ಕಡೆ ಕಮ್ಮಾರನು ಕಾದ ಕುಡುಗೋಲನ್ನು ನೀರಿನಲ್ಲಿ ಅದ್ದಿದೊಡನೆ ಅದರ ಬಾಯಿ ಗಡಸಾಗುವುದನ್ನು ನೋಡದವರಾರು? ಅಲ್ಯೂಮಿನಿಯಮ್ಮಿಗೂ ಇದೇ ಸಂಸ್ಕಾರ ಫಲಿಸೀತೆಂದು ನಂಬಿ ದುಡಿದವನು ಜರ್ಮನಿಯ ಆಲ್‌ಫ್ರೆಡ್ ವಿಲ್ಮ್.

ಈತ ಜನಿಸಿದ್ದು 1869ರಲ್ಲಿ, ಈಗ ಪೋಲೆಂಡಿಗೆ ಸೇರಿರುವ ಸೈಲೀಷಿಯಾ ಸೀಮೆಯಲ್ಲಿ. 1901ರಲ್ಲಿ ಬರ್ಲಿನ್ ಬಳಿಯ ನಾಯ್‌ಬಾಬೆಲ್ಸ್‌ಬರ್ಗಿನ ಸಂಶೋಧನಾಲಯವನ್ನು ಸೇರಿದನು. ತೋಟಾಗಳ ಹಿತ್ತಾಳೆಗೆ ಬದಲಾಗಿ ಹಗುರವಾದ ಲೋಹವೊಂದು ಸೇನೆಗೆ ಬೇಕಾಗಿತ್ತು. ಶುದ್ಧ ಅಲ್ಯೂಮಿನಿಯಂ ಅಡಿಗೆಮನೆಯ ಪಾತ್ರೆಗೆ ಸಾಕು, ಬಂದೂಕಿಗೆ ಸಾಲದು. ವಿಲ್ಮನು ಬೇರೆ ಬೇರೆ ಲೋಹಗಳನ್ನು ಬೆರಸಿ, ಕಾಯಿಸಿ, ಅದ್ದಿ, ವರ್ಷಗಟ್ಟಲೆ ನೋಡಿದನು.

1906ರ ಒಂದು ಶನಿವಾರ. ಶೇಕಡ 4ರಷ್ಟು ತಾಮ್ರ, ಅರ್ಧದಷ್ಟು ಮೆಗ್ನೀಸಿಯಂ ಬೆರೆತ ತಗಡನ್ನು ಸುಮಾರು 500 ಡಿಗ್ರಿಗೆ ಕಾಯಿಸಿ ನೀರಿಗೆ ಅದ್ದಲಾಯಿತು. ಮಧ್ಯಾಹ್ನದ ಹೊತ್ತಿಗೆ ಅಳೆದ ಗಡಸು ಹೇಳಿಕೊಳ್ಳುವಷ್ಟಿರಲಿಲ್ಲ. ಉಳಿದ ಅಳತೆಯನ್ನು ಬಿಟ್ಟು ಸಹಾಯಕನು ಮನೆಗೆ ಹೋದನು. ಸೋಮವಾರ ನೋಡಿದರೆ ಅದೇ ತಗಡು ಬಹಳ ಗಟ್ಟಿಯಾಗಿತ್ತು! ವಿಲ್ಮನು ಮತ್ತೆ ಮತ್ತೆ ಅಳೆದು, ಅದ್ದಿದ ಮೇಲೆ ನಾಲ್ಕೈದು ದಿನ ಗಡಸು ಏರುತ್ತಲೇ ಇರುವುದನ್ನು ಖಚಿತಪಡಿಸಿಕೊಂಡನು. ಇದನ್ನು ಅದೃಷ್ಟವೆನ್ನುವವರುಂಟು. ಸೋಮವಾರದ ಅಂಕಿಯನ್ನು ತಪ್ಪೆಂದು ಹೊಡೆದುಹಾಕುವ ವಿದ್ಯಾರ್ಥಿಗಳೇ ಪ್ರಯೋಗಶಾಲೆಗಳಲ್ಲಿ ಹೆಚ್ಚೆಂಬುದನ್ನು ಅವರು ಮರೆಯುತ್ತಾರೆ.

1909ರಲ್ಲಿ ಪೇಟೆಂಟ್ ದೊರೆಯಿತು. ಡ್ಯೂರನ್ ಊರಿನ ಕಾರ್ಖಾನೆಯವರು ಈ ಲೋಹವನ್ನು ತಯಾರಿಸಿ ‘ಡ್ಯುರಾಲುಮಿನ್’ ಎಂದು ಮಾರಿದರು. ಜೆಪೆಲಿನ್ ವಾಯುನೌಕೆಗಳ ಹಂದರ ಇದರಿಂದಾಯಿತು; ಬಳಿಕ ವಿಮಾನದ ಮೈಯೆಲ್ಲ ಇದರ ವಂಶದ ಲೋಹಗಳಿಂದಾಯಿತು. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಸ್ಥಾಪನೆಯಾಗುವ ವೇಳೆಗೆ ಲೋಹದ ವಿಮಾನವೆಂದರೆ ಇದೇ ಲೋಹವೆಂಬಂತಾಗಿತ್ತು. ಇದರ ರಿವೆಟ್ಟುಗಳದೊಂದು ಸೋಜಿಗ: ಅದ್ದಿದ ಮೇಲೆ ತಡಮಾಡಿದರೆ ಗಡಸಾಗಿ ಬಡಿಯಲು ಬಾರವು, ಆದುದರಿಂದ ಅವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಬೇಕಾದಾಗ ತೆಗೆಯುತ್ತಿದ್ದರು.

ಆದರೆ ಗಡಸಾಗುವುದೇಕೆ? ವಿಲ್ಮನ ಸೂಕ್ಷ್ಮದರ್ಶಕಕ್ಕೆ ಯಾವ ಬದಲಾವಣೆಯೂ ಕಾಣಲಿಲ್ಲ. ಬಿಸಿ ಪಾಕದಲ್ಲಿ ಕರಗಿದ ಸಕ್ಕರೆ ಆರಿದಾಗ ಹರಳುಗಟ್ಟುವಂತೆ, ಕಾದ ಲೋಹದಲ್ಲಿ ಕರಗಿದ್ದ ತಾಮ್ರ ತಣಿದ ಮೇಲೆ ಮೆಲ್ಲನೆ ಬೇರ್ಪಡುತ್ತದೆಂದು 1919ರಲ್ಲಿ ಅಮೆರಿಕದ ಮೆರಿಕಾ ಮತ್ತು ಸಂಗಡಿಗರು ಊಹಿಸಿದರು. ಅದೇ ವರ್ಷ ವಿಲ್ಮನು ಲೋಹವಿದ್ಯೆಯನ್ನು ಬಿಟ್ಟು, ಸೈಲೀಷಿಯಾಕ್ಕೆ ಮರಳಿ ಬೇಸಾಯಗಾರನಾದನು. 1937ರ ಆಗಸ್ಟ್ 6ರಂದು ಅಲ್ಲಿಯೇ ತೀರಿಕೊಂಡನು.

ಮರುವರ್ಷ, 1938ರಲ್ಲಿ, ಫ್ರಾನ್ಸಿನ ಗಿನಿಯೆ, ಇಂಗ್ಲೆಂಡಿನ ಪ್ರೆಸ್ಟನ್ ಇಬ್ಬರೂ ಬೇರೆಬೇರೆಯಾಗಿ ಅಲ್ಯೂಮಿನಿಯಂ-ತಾಮ್ರದ ಮೇಲೆ ಕ್ಷ-ಕಿರಣ ಹಾಯಿಸಿ ಆ ಗುಟ್ಟನ್ನು ಹಿಡಿದರು. ತಾಮ್ರದ ಪರಮಾಣುಗಳು ಅಲ್ಲಲ್ಲಿ ಕೂಡಿ ಒಂದೆರಡು ಪರಮಾಣುವಿನಷ್ಟೇ ದಪ್ಪದ ಬಿಲ್ಲೆಗಳಾಗಿದ್ದವು. ಅಗಲ ಸೆಂಟಿಮೀಟರಿನ ಹತ್ತು ಲಕ್ಷದ ಒಂದು ಪಾಲಿನ ಆಸುಪಾಸು. ಪಾವಗಡದ ಕಲ್ಲು ಹೊಲದಲ್ಲಿ ನೇಗಿಲು ತಡೆತಡೆದು ಸಾಗುವಂತೆ, ಲೋಹದ ಪದರಗಳು ಒಂದರ ಮೇಲೊಂದು ಜಾರಹೋದಾಗ ಈ ಬಿಲ್ಲೆಗಳು ಅಡ್ಡಬರುತ್ತವೆ.